ಕೈಬರಹದ ಬೋರ್ಡಿಗೆ ಹಳೆತನ ತರುವುದು ಹೇಗೆ: ಹಲಗೆಯಿಂದ ಕೊನೆಯ ವಾರ್ನಿಶ್‌ವರೆಗೆ

ನಿಜವಾಗಿಯೂ ಹಳೆಯದಾದ ಮರದ ಬೋರ್ಡು ಎಲ್ಲಾದರೂ ಕೈಗೆ ಸಿಕ್ಕರೆ, ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸಿ ನೋಡಿ. ಕಪ್ಪು ಅಕ್ಷರ ಇರುವ ಜಾಗ ಸ್ವಲ್ಪ ಉಬ್ಬಿರುತ್ತದೆ. ಅದನ್ನು ಯಾರೂ ಕೆತ್ತಿದ್ದಲ್ಲ. ಅಕ್ಷರದ ಬಣ್ಣ ತನ್ನ ಕೆಳಗಿನ ಮರವನ್ನು ಕಾಪಾಡಿದೆ. ಸುತ್ತಲಿನ ಮರ ಬಿಸಿಲಿಗೆ, ಮಳೆಗೆ ಸವೆದು ಕೆಳಗಿಳಿದಿದೆ. ಕಣ್ಣು ಬಿಡದೆಯೇ ಬೆರಳಲ್ಲಿ ಹೆಸರು ಓದಬಹುದು.

ನಾನು ಈ ಕೆಲಸ ಕಲಿಯಲು ಶುರು ಮಾಡಿದ್ದು ನಾಟಕದ ರಂಗಸಜ್ಜಿಕೆಗೆ ಬೋರ್ಡು ಮಾಡುವಾಗ. ಮೊದಲನೇ ಬೋರ್ಡನ್ನು ಚೆಂದವಾಗಿ ಬರೆದೆ, ಆಮೇಲೆ ಒರಟು ಸ್ಯಾಂಡ್ ಪೇಪರ್ ತಗೊಂಡು ಮೂಲೆಯಿಂದ ಮೂಲೆಗೆ ಉಜ್ಜಿದೆ. ಇಡೀ ಜೀವನ ಬೋರ್ಡು ಬರೆದ ಹಿರಿಯರೊಬ್ಬರು ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಮಳೆ ಯಾವ ಕಡೆಯಿಂದ ಬಿದ್ದಿದೆ ಇದಕ್ಕೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಬೋರ್ಡು ಹಳೆಯದು ಮಾಡುವ ಮುಂಚೆ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ. ಒಂದೊಂದು ಸವೆತಕ್ಕೂ ಒಂದೊಂದು ಕಾರಣ ಇರಬೇಕು. ಕಾರಣ ಗೊತ್ತಿದ್ದರೆ ಕೈ ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ. ಕೆಳಗೆ ಹೇಳುವ ಎಲ್ಲ ಕೆಲಸವೂ ಇದರ ಮೇಲೆಯೇ ನಿಂತಿದೆ.

ಉದಾಹರಣೆಗೆ ಒಂದು ಬೋರ್ಡು ಇಟ್ಟುಕೊಳ್ಳೋಣ. ನಾಲ್ಕು ಅಡಿ ಉದ್ದ, ಒಂದೂಕಾಲು ಅಡಿ ಅಗಲದ ಹಲಗೆ. ಮೇಲೆ "ಧಾನ್ಯ ಭಂಡಾರ" ಎಂಬ ಎರಡೇ ಪದ. ಕೆನೆ ಬಣ್ಣದ ಹಿನ್ನೆಲೆ, ಕೆಂಪು ಅಕ್ಷರ, ಅಕ್ಷರಕ್ಕೆ ಕಪ್ಪು ಶೇಡು. ಈ ಪದಗಳನ್ನೇ ಯಾಕೆ ಆರಿಸಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು ಊರು ಯಾವುದು ಅಂತ ನಿರ್ಧರಿಸಿ

ಕುಂಚ ಮುಟ್ಟುವ ಮುಂಚೆ ಒಂದು ಹಾಳೆ ತಗೊಳ್ಳಿ. ಬೋರ್ಡಿನ ಆಕಾರ ಬರೆದು ಅದರ ಮೇಲೆ ಬಿಸಿಲು, ಮಳೆ, ಕೈ, ಹೊಗೆ ಇವೆಲ್ಲ ಎಲ್ಲಿಂದ ಬಂದವು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಹತ್ತು ನಿಮಿಷದ ಕೆಲಸ ಇದು, ಆದರೆ ಬಿಡಬೇಡಿ.

ತೀರ್ಥಹಳ್ಳಿಯ ಬೋರ್ಡಿಗೂ ಕಲಬುರಗಿಯ ಬೋರ್ಡಿಗೂ ಹಳೆತನ ಒಂದೇ ಥರ ಬರುವುದಿಲ್ಲ. ಮಲೆನಾಡಿನಲ್ಲಿ ಬಣ್ಣ ಅಷ್ಟಾಗಿ ಮಾಸುವುದಿಲ್ಲ, ಆದರೆ ಪಾಚಿ ಹಿಡಿಯುತ್ತದೆ. ಕೆಳಗಿನ ಅಂಚಿನಿಂದ ಕಪ್ಪು ಹಸಿರು ಮೇಲೇರುತ್ತದೆ, ಹಲಗೆಯ ತುದಿ ನೆನೆದು ಮೆತ್ತಗಾಗಿರುತ್ತದೆ. ಕಲಬುರಗಿ ಕಡೆ ಬಿಸಿಲೇ ಎಲ್ಲ. ಬಣ್ಣ ಬೆಳ್ಳಗಾಗಿ ಪುಡಿಯಾಗುತ್ತದೆ, ಮರ ಒಣಗಿ ಸೀಳುತ್ತದೆ, ಧೂಳು ಬಿರುಕಿನೊಳಗೆ ಕೂರುತ್ತದೆ. ಕುಂದಾಪುರದಂಥ ಕಡಲ ತೀರದ ಊರಾದರೆ ಉಪ್ಪುಗಾಳಿ. ಅಲ್ಲಿ ಮರಕ್ಕಿಂತ ಮೊದಲು ಸೋಲುವುದು ಮೊಳೆ. ಪ್ರತಿ ಮೊಳೆಯ ಕೆಳಗೆ ತುಕ್ಕಿನ ಗೆರೆ ಇಳಿದಿರುತ್ತದೆ.

ಇನ್ನು ಅಂಗಡಿಯ ಮುಖ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಗೆ ಮಧ್ಯಾಹ್ನದ ಬಿಸಿಲೂ ಬೀಳುತ್ತದೆ, ಮುಂಗಾರಿನ ಎರಚಲೂ ಹೊಡೆಯುತ್ತದೆ. ಮೇಲೆ ಸೂರು ಇದ್ದರೆ ಬೋರ್ಡಿನ ಮೇಲ್ಭಾಗದ ನಾಲ್ಕೈದು ಇಂಚು ಹೊಸದರ ಹಾಗೇ ಉಳಿದಿರುತ್ತದೆ. ಹಿಂದೆ ಟ್ಯೂಬ್‌ಲೈಟಿನ ಪಟ್ಟಿ ಇದ್ದ ಜಾಗದಲ್ಲಿ ಬಣ್ಣ ಗಾಢವಾಗಿ ಒಂದು ಕಡ್ಡಿಯ ಆಕಾರ ಕಾಣುತ್ತದೆ. ಹಾಗೆ ಹೊಸದಾಗಿ ಉಳಿದ ಜಾಗಗಳೇ ಬೋರ್ಡು ಹಳೆಯದು ಅಂತ ನೋಡುವವರನ್ನು ನಂಬಿಸುವುದು. ಎಲ್ಲ ಕಡೆ ಸಮನಾಗಿ ಮಾಸಿದ ಬೋರ್ಡು ಲೋಕದಲ್ಲಿ ಎಲ್ಲೂ ಇಲ್ಲ.

ನಮ್ಮ ಧಾನ್ಯ ಭಂಡಾರ ಮಲೆನಾಡಿನ ಅಂಚಿನ ಊರಲ್ಲಿದೆ, ಪಶ್ಚಿಮಕ್ಕೆ ಮುಖ, ಮೇಲೆ ಸಣ್ಣ ಹಂಚಿನ ಸೂರು ಅಂದುಕೊಳ್ಳಿ.

ಬರೆಯುವ ಮಾತಿಗೂ ವಯಸ್ಸಿದೆ

ಬಣ್ಣ ಎಷ್ಟೇ ಚೆನ್ನಾಗಿ ಮಾಸಿದ್ದರೂ ಬರೆದ ಮಾತು ಹೊಸದಾದರೆ ಎಲ್ಲ ವ್ಯರ್ಥ. 1960ರ ದಶಕದ ಬೋರ್ಡು ಅಂತ ಮಾಡಿ ಕೆಳಗೆ ಹತ್ತು ಅಂಕಿಯ ಮೊಬೈಲ್ ನಂಬರ್ ಬರೆದರೆ ಯಾರು ನಂಬುತ್ತಾರೆ? ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕಿಂತ ಹಿಂದಿನ ವಿಳಾಸದಲ್ಲಿ ಆರು ಅಂಕಿ ಇರುವಂತಿಲ್ಲ. ರಾಜ್ಯದ ಹೆಸರು ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಅದಕ್ಕೆ ಮುಂಚೆ "ಮೈಸೂರು ರಾಜ್ಯ" ಅಂತಲೇ ಬರೆಯಬೇಕು. ರೂಪಾಯಿಯ ಈಗಿನ ಚಿಹ್ನೆ ಬಂದದ್ದು 2010ರಲ್ಲಿ, ಹಾಗಾಗಿ ಹಳೆಯ ದರಪಟ್ಟಿಯಲ್ಲಿ "ರೂ." ಮಾತ್ರ. "ನಯಾಪೈಸೆ" ಅಂತ ಬರೆಯುವ ಆಸೆ ಇದ್ದರೆ ಬೋರ್ಡಿನ ಕಾಲ 1957ರಿಂದ 1964ರ ನಡುವೆ ಇರಲಿ. ಆಮೇಲೆ ಆ ಹೆಸರಿನಿಂದ "ನಯಾ" ಬಿಟ್ಟುಹೋಯಿತು.

ಹಲಗೆ

ಪ್ಲೈವುಡ್ ಬೇಡ. ಅದರ ಮೇಲ್ಪದರ ಕಾಗದದಷ್ಟು ತೆಳು, ತಂತಿ ಬ್ರಷ್ ಎರಡು ಸಲ ಎಳೆದರೆ ಕೆಳಗಿನ ಅಂಟು ಕಾಣುತ್ತದೆ. ಪದರಗಳಿಲ್ಲದ ಇಡೀ ಮರದ ಹಲಗೆಯೇ ಬೇಕು. ಕೊಡಗು, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಯೂ ಆಗುತ್ತದೆ. ಎರಡು ಹಲಗೆ ಜೋಡಿಸಿ ಹಿಂದೆ ಪಟ್ಟಿ ಹೊಡೆದರೆ ನಡುವಿನ ಸಂದು ತಾನೇ ಒಂದು ಹಳೆಯ ಗೆರೆ ಆಗುತ್ತದೆ.

ಮೊದಲು ತಂತಿ ಬ್ರಷ್‌ನಿಂದ ಮರದ ಎಳೆಯ ಗುಂಟ ಜೋರಾಗಿ ತಿಕ್ಕಿ. ಮೆತ್ತಗಿನ ಎಳೆ ಕಿತ್ತು ಬರುತ್ತದೆ, ಗಟ್ಟಿ ಎಳೆ ಏಣಿನ ಹಾಗೆ ಉಳಿಯುತ್ತದೆ. ಮಳೆ ಇಪ್ಪತ್ತು ವರ್ಷದಲ್ಲಿ ಮಾಡುವ ಕೆಲಸ ಇದು. ಕೆಳಗಿನ ಅಂಚಿಗೆ, ಎರಡು ತುದಿಗೆ ಜಾಸ್ತಿ ತಿಕ್ಕಿ. ಸೂರಿನ ಕೆಳಗಿದ್ದ ಮೇಲಂಚನ್ನು ಸುಮ್ನೆ ಬಿಡಿ.

ಆಮೇಲೆ ಬೂದು ಬಣ್ಣ. ಹಳೆಯ ಮರ ಬೂದಾಗುವುದಕ್ಕೆ ಕಾರಣ ಬಿಸಿಲು. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟನ್ನು ಬಿಸಿಲು ಒಡೆಯುತ್ತದೆ, ಮಳೆ ಅದನ್ನು ತೊಳೆಯುತ್ತದೆ, ಬರಿಯ ಬೆಳ್ಳಿ ಬಣ್ಣದ ನಾರು ಉಳಿಯುತ್ತದೆ. ಈ ಬಣ್ಣವನ್ನು ಪೇಂಟಿನಲ್ಲಿ ತರುವುದು ಕಷ್ಟ. ಚಹಾ ಮತ್ತು ಮೊಳೆ ಸಾಕು.

ಅರ್ಧ ಲೀಟರ್ ಬಿಳಿ ವಿನೆಗರ್‌ಗೆ ಒಂದು ಹಿಡಿ ಸಾದಾ ಕಬ್ಬಿಣದ ಮೊಳೆ ಹಾಕಿ ನಾಲ್ಕೈದು ದಿನ ಬಿಡಿ. ಪಾತ್ರೆ ತಿಕ್ಕುವ ಹೊಳೆಯುವ ಸ್ಕ್ರಬ್ಬರ್ ಹಾಕಬೇಡಿ, ಅದು ಸ್ಟೇನ್‌ಲೆಸ್, ಕರಗುವುದಿಲ್ಲ. ಮುಚ್ಚಳ ಬಿಗಿಯಬೇಡಿ, ಒಳಗೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ನೀರು ಬೂದು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ. ಇನ್ನೊಂದು ಕಡೆ ಅರ್ಧ ಲೀಟರ್ ನೀರಿಗೆ ಐದು ಚಮಚ ಚಹಾಪುಡಿ ಹಾಕಿ ಕಡುವಾಗಿ ಕುದಿಸಿ ಆರಿಸಿ. ಹಲಗೆಗೆ ಮೊದಲು ಚಹಾ ಬಳಿದು ಒಣಗಿಸಿ. ಅದರ ಮೇಲೆ ಮೊಳೆಯ ನೀರು ಬಳಿಯಿರಿ. ಬಳಿದ ಕ್ಷಣ ಏನೂ ಆಗಿಲ್ಲ ಅನ್ನಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಮರ ನಿಮ್ಮ ಕಣ್ಣೆದುರೇ ಬೂದಾಗುತ್ತಾ ಹೋಗುತ್ತದೆ. ಚಹಾದ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪಾಗುವುದರಿಂದ ಹೀಗೆ. ಬಣ್ಣ ಇನ್ನೂ ಕೆಲವು ಗಂಟೆ ಗಾಢವಾಗುತ್ತಲೇ ಇರುತ್ತದೆ, ಹಾಗಾಗಿ ಎರಡನೇ ಸಲ ಬಳಿಯುವ ಮುಂಚೆ ಒಂದು ರಾತ್ರಿ ಕಾಯಿರಿ. ಬೇರೆ ಬೇರೆ ಮರ ಬೇರೆ ಬೇರೆ ಥರ ತಿರುಗುತ್ತದೆ. ಮೊದಲು ಅದೇ ಹಲಗೆಯ ಒಂದು ತುಂಡಿನ ಮೇಲೆ ನೋಡಿಕೊಳ್ಳಿ.

ಕೆಳಪದರ, ಮೇಣ, ಹಿಂದಿನ ಬರಹದ ನೆರಳು

ಪೇಂಟು ಯಾವುದು? ಹಳೆಯ ಬೋರ್ಡುಗಳೆಲ್ಲ ಎನಾಮೆಲ್. ಅದರ ಮೈಕಟ್ಟೇ ಬೇರೆ, ಒಪ್ಪುತ್ತೇನೆ. ಆದರೆ ಮೊದಲ ಸಲ ಮಾಡುವವರಿಗೆ ನೀರಿನ ಎಮಲ್ಷನ್ ಒಳ್ಳೆಯದು. ಬೇಗ ಒಣಗುತ್ತದೆ, ಪದರದ ಮೇಲೆ ಪದರ ಹಾಕಬಹುದು, ಬಿರುಕು ತರುವ ಉಪಾಯ ಅದರಲ್ಲೇ ನಡೆಯುವುದು. ಮ್ಯಾಟ್ ಎಮಲ್ಷನ್ನಿನ ಸಣ್ಣ ಡಬ್ಬ ಮತ್ತು ಪೇಂಟ್ ಅಂಗಡಿಯಲ್ಲಿ ಸಿಗುವ ಸ್ಟೇನರ್ ಬಾಟಲಿಗಳು ಸಾಕು: ಕಪ್ಪು, ಕೆಂಪು, ಹಳದಿ ಓಕರ್, ಕಡುಕಂದು ಬಣ್ಣದ ಬರ್ನ್ಟ್ ಅಂಬರ್, ಜೊತೆಗೆ ತುಕ್ಕು, ಪಾಚಿಗೆ ಚೂರು ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ, ಕಿತ್ತಳೆ, ಹಸಿರು.

ಮೊದಲ ಪದರ ಇಟ್ಟಿಗೆ ಕೆಂಪು, ಅಂದರೆ ರೆಡ್ ಆಕ್ಸೈಡ್ ಬಣ್ಣ. ಎಷ್ಟೋ ಹಳೆಯ ಬೋರ್ಡು ಕೆರೆದರೆ ಕೆಳಗೆ ಇದೇ ಸಿಗುತ್ತದೆ. ತೆಳುವಾಗಿ, ಅಲ್ಲಲ್ಲಿ ಬೂದು ಮರ ಇಣುಕುವ ಹಾಗೆ ಬಳಿಯಿರಿ.

ಒಣಗಿದ ಮೇಲೆ ಒಂದು ಸಾದಾ ಮೇಣದಬತ್ತಿ ತಗೊಂಡು, ಬಣ್ಣ ಎದ್ದುಹೋಗಬೇಕಾದ ಜಾಗಗಳಿಗೆ ಉಜ್ಜಿ. ಕೆಳಗಿನ ಅಂಚು, ಮೊಳೆ ಬರುವ ಜಾಗ, ಹಲಗೆಗಳ ಸಂದು, ಗಟ್ಟಿ ಎಳೆಯ ಏಣು. ಮೇಣ ಇದ್ದಲ್ಲಿ ಮೇಲಿನ ಬಣ್ಣ ಹಿಡಿಯುವುದಿಲ್ಲ. ಮುಂದೆ ಕೆರೆದಾಗ ಸಿಪ್ಪೆಯ ಹಾಗೆ ಏಳುತ್ತದೆ. ಸ್ಯಾಂಡ್ ಪೇಪರಿನಿಂದ ಬರುವ ಅಂಚು ಮೆತ್ತಗಿರುತ್ತದೆ, ಮೇಣದಿಂದ ಏಳುವ ಚಕ್ಕೆಯ ಅಂಚು ಚೂಪಾಗಿರುತ್ತದೆ. ನಿಜವಾದ ಬೋರ್ಡಿನಲ್ಲಿ ಎರಡೂ ಇರುತ್ತವೆ.

ಈಗ ನನಗೆ ತುಂಬಾ ಇಷ್ಟವಾದ ಹಂತ. ಅಂಗಡಿ ಬೋರ್ಡು ಒಂದೇ ಸಲ ಬರೆದು ಬಿಟ್ಟಿದ್ದಲ್ಲ ಅಲ್ವಾ? ಅಪ್ಪನ ಕಾಲದಲ್ಲಿ ಒಂದು ಹೆಸರು, ಮಗನ ಕಾಲದಲ್ಲಿ ಇನ್ನೊಂದು. ಹೊಸ ಬಣ್ಣ ಮಾಸಿದ ಮೇಲೆ ಹಳೆಯ ಅಕ್ಷರ ಒಳಗಿಂದ ಇಣುಕುತ್ತದೆ. ಕೆನೆ ಬಣ್ಣದ ಒಂದು ಪದರ ಹಾಕಿ, ಅದರ ಮೇಲೆ ಅದೇ ಕೆನೆಗೆ ಒಂದು ಹನಿ ಅಂಬರ್ ಸೇರಿಸಿ, ಬೇರೆ ಗಾತ್ರದಲ್ಲಿ, ಸ್ವಲ್ಪ ಎಡಕ್ಕೆ ಸರಿಸಿ "ಅಕ್ಕಿ" ಅಂತ ಬರೆಯಿರಿ. ಒಣಗಿದ ಮೇಲೆ ಇನ್ನೊಂದು ತೆಳು ಕೆನೆ ಪದರ ಹಾಕಿ. ಹತ್ತಿರ ಬಂದು ನೋಡಿದವರಿಗೆ ಮಾತ್ರ ಕಾಣುವಷ್ಟು ಇದ್ದರೆ ಸಾಕು.

ಅಕ್ಷರವನ್ನು ಚೆನ್ನಾಗಿ ಬರೆಯಿರಿ

ಹೇಗೂ ಮಾಸಿಸುತ್ತೇವಲ್ಲ, ಅಕ್ಷರ ಹೇಗಿದ್ದರೇನು ಅನ್ನುವ ಯೋಚನೆ ಬೇಡ. ಹಳೆಯ ಬೋರ್ಡು ಬರೆದವರು ಪಳಗಿದ ಕೈಯವರು. ಮಾಸಿದ ಮೇಲೂ ಅವರ ತಿರುವುಗಳ ಬಿಗಿ ಹಾಗೇ ಇರುತ್ತದೆ. ಸೊಟ್ಟ ಅಕ್ಷರವನ್ನು ಮಾಸಿಸಿದರೆ ಮಾಸಿದ ಸೊಟ್ಟ ಅಕ್ಷರವೇ ಆಗುತ್ತದೆ.

ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡು ಕಡೆ ಬಿಗಿಹಿಡಿದು ಚಿಮ್ಮಿಸಿ ಗೆರೆ ಹಾಕಿಕೊಳ್ಳಿ. ಮೂರು ಗೆರೆ ಬೇಕು: ತಲೆಕಟ್ಟಿಗೆ ಒಂದು, ಅಕ್ಷರದ ಪಾದಕ್ಕೆ ಒಂದು, ಒತ್ತಕ್ಷರದ ಕೆಳಗೆ ಒಂದು. ಕನ್ನಡಕ್ಕೆ ಕೆಳಗೆ ಜಾಗ ಬೇಕೇ ಬೇಕು. ಅಕ್ಷರವನ್ನು ಕಾಗದದಲ್ಲಿ ಮೊದಲು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿ ತುಂಬಿದ ಬಟ್ಟೆಯ ಗಂಟಿನಿಂದ ತಟ್ಟಿದರೆ ಹಲಗೆಯ ಮೇಲೆ ಚುಕ್ಕಿಗಳಲ್ಲಿ ಆಕಾರ ಇಳಿಯುತ್ತದೆ. ಚಪ್ಪಟೆ ಕುಂಚ ತಗೊಳ್ಳಿ. ಕೈ ನಡುಗದಂತೆ ಎಡಗೈಯಲ್ಲಿ ಒಂದು ಕೋಲು ಹಿಡಿದು, ಅದರ ತುದಿಗೆ ಬಟ್ಟೆ ಸುತ್ತಿ ಹಲಗೆಗೆ ಆನಿಸಿ, ಬಲಗೈಯನ್ನು ಅದರ ಮೇಲೆ ಊರಿ ಬರೆಯಿರಿ.

ಬಣ್ಣ ಒಂದೇ ಕೈ ಸಾಕು, ತೆಳುವಾಗಿ. ಕುಂಚ ಎಲ್ಲಿ ನಿಂತು ಮತ್ತೆ ಶುರುವಾಯಿತೋ ಅಲ್ಲಿ ಬಣ್ಣ ಸ್ವಲ್ಪ ದಪ್ಪ ಇರುತ್ತದೆ. ಮಾಸಿದಾಗ ಆ ಗೆರೆ ಉಳಿದು, ಇದು ಕೈಬರಹ ಅಂತ ಸಾರಿ ಹೇಳುತ್ತದೆ. ಕೆಂಪು ಅಕ್ಷರ ಒಣಗಿದ ಮೇಲೆ ಬಲಗಡೆ ಮತ್ತು ಕೆಳಗೆ ಕಪ್ಪು ಶೇಡು ಕೊಡಿ. ಬಲಗಡೆ ಕೆಳ ಮೂಲೆಯಲ್ಲಿ ಚಿಕ್ಕದಾಗಿ ನಿಮ್ಮ ಸಹಿ ಹಾಕಿ. ಬೋರ್ಡು ಬರೆಯುವವರೆಲ್ಲ ಹಾಕುತ್ತಿದ್ದದ್ದು ಅಲ್ಲೇ. ಎರಡು ದಿನ ಪೂರ್ತಿ ಒಣಗಲು ಬಿಡಿ. ಎನಾಮೆಲ್‌ನಲ್ಲಿ ಬರೆದಿದ್ದರೆ ಕನಿಷ್ಠ ಒಂದು ವಾರ.

ಬಿಸಿಲು: ಯಾವ ಬಣ್ಣ ಹೇಗೆ ಸಾಯುತ್ತದೆ

ಎಲ್ಲ ಬಣ್ಣ ಒಟ್ಟಿಗೆ ಮಾಸುವುದಿಲ್ಲ. ಉಳಿದ ಎಷ್ಟೋ ಬೋರ್ಡುಗಳು ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಪ್ಪು ಬಣ್ಣ ಮೂಲತಃ ಮಸಿ, ಅಂದರೆ ಇಂಗಾಲ. ಅದನ್ನು ಬಿಸಿಲು ಏನೂ ಮಾಡಲಾರದು. ಸವೆದು ಉದುರಬಹುದು, ಆದರೆ ಬಣ್ಣಗೆಡುವುದಿಲ್ಲ. ರೆಡ್ ಆಕ್ಸೈಡ್ ಮತ್ತು ಓಕರ್ ಕಬ್ಬಿಣದ ಮಣ್ಣಿನ ಬಣ್ಣಗಳು, ಅವೂ ಹಾಗೇ ನಿಲ್ಲುತ್ತವೆ. ಮೊದಲು ಹೋಗುವುದು ಝಗ್ಗನೆ ಹೊಳೆಯುವ ಕೆಂಪು. ಅದು ಮೊದಲು ಕಿತ್ತಳೆಗೆಂಪಾಗಿ, ಆಮೇಲೆ ಸಪ್ಪೆ ಗುಲಾಬಿಯಾಗಿ, ಕೊನೆಗೆ ಹಿನ್ನೆಲೆಯ ಜೊತೆ ಬೆರೆತು ಹೋಗುತ್ತದೆ. ಸೀಸದಿಂದ ಮಾಡಿದ ಹಳೆಯ ಕ್ರೋಮ್ ಹಳದಿ ಬಿಳುಚುವ ಬದಲು ಕಂದಾಗುತ್ತದೆ. ಬಿಳಿ ಬಣ್ಣ ಮಾಸುವುದಿಲ್ಲ, ಪುಡಿಯಾಗುತ್ತದೆ. ಕೈ ಒರೆಸಿದರೆ ಸುಣ್ಣದ ಹಾಗೆ ಬೆರಳಿಗೆ ಅಂಟುತ್ತದೆ.

ಇದರಿಂದ ಒಂದು ವಿಚಿತ್ರ ಆಗುತ್ತದೆ. ಕೆಂಪು ಅಕ್ಷರಕ್ಕೆ ಕಪ್ಪು ಶೇಡು ಕೊಟ್ಟ ಬೋರ್ಡು ಬಹಳ ವರ್ಷ ಬಿಸಿಲಲ್ಲಿ ಇದ್ದರೆ ಅಕ್ಷರ ಹೋಗಿ ನೆರಳು ಉಳಿಯುತ್ತದೆ. ದೂರದಿಂದ ಹೆಸರು ಓದುತ್ತೀರಿ, ಹತ್ತಿರ ಹೋದರೆ ಅಕ್ಷರವೇ ಇಲ್ಲ, ಅದರ ಬಲಗಡೆಯ ಕಪ್ಪು ಅಂಚು ಮಾತ್ರ. ನಾನು ಮೊದಲ ಸಲ ಇದನ್ನು ಗಮನಿಸಿದಾಗ ಆ ಅಂಗಡಿ ಮುಂದೆ ಬಹಳ ಹೊತ್ತು ನಿಂತಿದ್ದೆ.

ಹಾಗಾಗಿ ಮಾಸಿಸುವುದಕ್ಕೆ ಮೊದಲು ಸ್ಯಾಂಡ್ ಪೇಪರ್ ಅಲ್ಲ, ತೆಳು ಬಣ್ಣ. ಕೆನೆ ಬಣ್ಣಕ್ಕೆ ಹತ್ತು ಪಾಲು ನೀರು ಸೇರಿಸಿ, ಕೆಂಪು ಭಾಗದ ಮೇಲೆ ಮಾತ್ರ ಸವರಿ, ಮೆತ್ತನೆಯ ಬಟ್ಟೆಯಿಂದ ತಕ್ಷಣ ಒತ್ತಿ ತೆಗೆಯಿರಿ. ಒಣಗಲಿ. ಮತ್ತೆ ಸವರಿ. ಮೂರು ನಾಲ್ಕು ಸಲ ಮಾಡಿದರೆ ಕೆಂಪು ನಿಧಾನಕ್ಕೆ ಹಿಂದೆ ಸರಿಯುತ್ತದೆ. ಕಪ್ಪಿನ ಮೇಲೆ ಹೋದರೆ ಒರೆಸಿಬಿಡಿ. ಸೂರಿನ ಕೆಳಗಿನ ಮೇಲ್ಪಟ್ಟಿಯಲ್ಲಿ ಒಂದೇ ಸಲ ಅಥವಾ ಬೇಡವೇ ಬೇಡ. ಆ ಪಟ್ಟಿ ನೇರ ಗೆರೆಯಲ್ಲಿ ಮುಗಿಯಬಾರದು, ಒಂದೆರಡು ಇಂಚಿನಲ್ಲಿ ಮೆಲ್ಲಗೆ ಕರಗಬೇಕು. ನೆರಳಿನ ಅಂಚು ದಿನವಿಡೀ ಸರಿಯುತ್ತಲೇ ಇರುತ್ತದಲ್ಲ.

ಸವೆತ: ಎಲ್ಲಿ ಉಜ್ಜಬೇಕು, ಎಲ್ಲಿ ಮುಟ್ಟಬಾರದು

ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ. ಹಲಗೆಯನ್ನು ಎಳೆಯ ಗುಂಟ ಮಾತ್ರ ಉಜ್ಜಿ. ಅಡ್ಡ ಉಜ್ಜಿದರೆ ಗೀರು ಕಾಣುತ್ತದೆ, ಸುತ್ತ ಸುತ್ತ ಉಜ್ಜಿದರೆ ಯಂತ್ರದ ಕೆಲಸದ ಹಾಗೆ ಕಾಣುತ್ತದೆ. ಅಂಚುಗಳಿಗೆ 120 ನಂಬರಿನ ಸ್ಯಾಂಡ್ ಪೇಪರ್, ಅಕ್ಷರದ ಮೇಲೆ ಅದಕ್ಕಿಂತ ನಯವಾದ 320. 320 ಅನ್ನು ನೀರಲ್ಲಿ ಅದ್ದಿ ಉಜ್ಜಿದರೆ ಧೂಳು ಏಳುವುದಿಲ್ಲ, ಬಣ್ಣವೂ ಹಿಡಿತದಲ್ಲಿ ಇಳಿಯುತ್ತದೆ. ಮೇಣ ಹಚ್ಚಿದ ಕಡೆ ಪುಟ್ಟಿ ಹಚ್ಚುವ ಕರಣೆಯ ಅಂಚಿನಿಂದ ಮೆಲ್ಲಗೆ ಎಬ್ಬಿಸಿ. ಚಕ್ಕೆ ಏಳುತ್ತಾ ಬರುವಾಗ ಕೈ ತಡೆಯುವುದು ಕಷ್ಟ. ಐದು ಚಕ್ಕೆ ಎದ್ದ ಮೇಲೆ ನಿಲ್ಲಿಸಿ, ಹತ್ತು ಅಡಿ ಹಿಂದೆ ಹೋಗಿ ನೋಡಿ.

ಈಗ "ಧಾನ್ಯ ಭಂಡಾರ" ಯಾಕೆ ಅನ್ನುವುದಕ್ಕೆ ಬರೋಣ. ಇಂಗ್ಲಿಷ್ ಅಕ್ಷರದ ಅರ್ಧ ಅಳಿದರೂ ಊಹಿಸಬಹುದು. ಕನ್ನಡದಲ್ಲಿ ಎಷ್ಟೋ ಅಕ್ಷರಗಳ ವ್ಯತ್ಯಾಸ ಒಂದು ಚಿಕ್ಕ ಗೀಟಿನಲ್ಲಿದೆ. "ಧ"ದ ಹೊಟ್ಟೆಯ ಸೀಳು ಅಳಿದರೆ ಅದು "ದ". "ಭ"ದ ಸೀಳು ಹೋದರೆ "ಬ". "ಧಾ"ದ ದೀರ್ಘ ಮಾಸಿದರೆ ಧಾನ್ಯ ಹೋಗಿ ಧನ್ಯ ಆಗುತ್ತದೆ. "ನ್ಯ"ದ ಒತ್ತು ಕೆಳಗಿದೆ, ಮಳೆ ಎರಚಲು ಮೊದಲು ಹೊಡೆಯುವುದೂ ಅಲ್ಲಿಗೇ. "ಭಂ"ನ ಸೊನ್ನೆ ಒಂಟಿಯಾಗಿ ನಿಂತಿದೆ, ಒಂದು ಚಕ್ಕೆ ಎದ್ದರೆ ಪೂರ್ತಿ ಮಾಯ. ಇವುಗಳನ್ನು ನಾನು ಅಕ್ಷರದ ಜೀವ ಇರುವ ಜಾಗ ಅಂತ ಕರೆಯುತ್ತೇನೆ. ಉಜ್ಜುವ ಮುಂಚೆ ಅವುಗಳ ಸುತ್ತ ಸೀಮೆಸುಣ್ಣದಲ್ಲಿ ವೃತ್ತ ಹಾಕಿ. ಅಲ್ಲಿ ಬಣ್ಣ ಮಾಸಲಿ, ಆದರೆ ಆಕಾರ ಕಳೆಯದಿರಲಿ. ಧಾರಾಳವಾಗಿ ಸವೆಸಬಹುದಾದದ್ದು ದುಂಡನೆಯ ದೊಡ್ಡ ಹೊಟ್ಟೆಗಳು, "ರ"ದ ಬದಿ, "ಡ"ದ ಬೆನ್ನು. ಅಲ್ಲಿ ಅರ್ಧ ಹೋದರೂ ಕಣ್ಣು ತಾನೇ ಪೂರ್ತಿ ಮಾಡಿಕೊಳ್ಳುತ್ತದೆ.

ಮೊದಲಲ್ಲಿ ಹೇಳಿದ ಉಬ್ಬಿದ ಅಕ್ಷರ ಬೇಕಿದ್ದರೆ, ಬರಿಯ ಬೂದು ಮರದ ಮೇಲೆ ನೇರವಾಗಿ ಕಪ್ಪು ಎನಾಮೆಲ್‌ನಲ್ಲಿ ದಪ್ಪವಾಗಿ ಎರಡು ಕೈ ಬರೆಯಿರಿ. ಒಂದು ವಾರ ಬಿಟ್ಟು, ಅಕ್ಷರದ ಸುತ್ತಲಿನ ಮರವನ್ನು ಸಣ್ಣ ಹಿತ್ತಾಳೆ ತಂತಿ ಬ್ರಷ್‌ನಿಂದ ತಾಳ್ಮೆಯಿಂದ ಇಳಿಸಿ. ಅಕ್ಷರದ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡರೆ ಒಳ್ಳೆಯದು. ಇಡೀ ಒಂದು ದಿನ ಹಿಡಿಯುತ್ತದೆ. ಆಮೇಲೆ ಬೆರಳಾಡಿಸಿ ನೋಡಿ.

ಬಿರುಕು

ಫೆವಿಕಾಲ್ ಇದ್ದರೆ ಬಿರುಕು ತರಬಹುದು. ಒಣಗಿದ ಕೆಳಪದರದ ಮೇಲೆ ಫೆವಿಕಾಲ್ ಸವರಿ, ಬೆರಳಿಟ್ಟರೆ ಅಂಟಬೇಕು ಆದರೆ ಬೆರಳಿಗೆ ಬರಬಾರದು ಅನ್ನುವಷ್ಟು ಆರಲು ಬಿಡಿ. ಸಾಮಾನ್ಯವಾಗಿ 15ರಿಂದ 20 ನಿಮಿಷ, ಏಪ್ರಿಲ್ ಬಿಸಿಲಲ್ಲಿ ಅದಕ್ಕಿಂತ ಕಡಿಮೆ. ಈಗ ಮೇಲಿನ ಎಮಲ್ಷನ್ ಕುಂಚದ ತುಂಬ ತಗೊಂಡು ಒಂದೇ ಎಳೆತದಲ್ಲಿ ಬಳಿಯಿರಿ. ಅದೇ ಜಾಗಕ್ಕೆ ಮತ್ತೆ ಕುಂಚ ತಂದರೆ ಕೆಟ್ಟಿತು. ಮೇಲಿನ ಬಣ್ಣ ಬೇಗ ಒಣಗಿ ಕುಗ್ಗುತ್ತದೆ, ಕೆಳಗಿನ ಅಂಟು ಜಾರುತ್ತದೆ, ನಡುವೆ ಬಿರುಕು ಬಾಯಿ ಬಿಡುತ್ತದೆ. ಅಂಟು ದಪ್ಪ ಇದ್ದರೆ ಬಿರುಕು ದೊಡ್ಡದು. ಬಿರುಕು ಕುಂಚ ಎಳೆದ ದಿಕ್ಕಿನಲ್ಲೇ ಹೋಗುತ್ತದೆ, ಮರದ ಮೇಲಿನ ಪೇಂಟು ಎಳೆಯ ಗುಂಟ ಬಿರಿಯುತ್ತದೆ. ಹಾಗಾಗಿ ನಮ್ಮ ಬೋರ್ಡಿಗೆ ಉದ್ದಕ್ಕೆ, ಎಳೆಯ ಗುಂಟವೇ ಬಳಿಯಬೇಕು.

ನಾಟಕವೊಂದಕ್ಕೆ ಇಡೀ ಬೋರ್ಡಿಗೆ ಹೀಗೆ ಬಿರುಕು ತಂದಿದ್ದೆ. ಜೋರಾದ ದೀಪದ ಬಿಸಿಗೆ ಮೇಲ್ಪದರ ಹಾಳೆಯ ಹಾಗೆ ಸುರುಳಿ ಬಿಟ್ಟು, ಎರಡನೇ ಪ್ರದರ್ಶನದ ಹೊತ್ತಿಗೆ ಅರ್ಧ ಹೆಸರು ನೆಲದ ಮೇಲಿತ್ತು. ಆ ಜಾಗಕ್ಕೆ ಸೀಲರ್ ಕೊಡದೆ ಇದ್ದದ್ದೂ ತಪ್ಪು, ಅತಿಯಾಗಿ ಮಾಡಿದ್ದೂ ತಪ್ಪು. ಈಗ ಅಂಗೈ ಅಗಲದ ಎರಡು ಮೂರು ಜಾಗಕ್ಕೆ ಮಾತ್ರ, ಬಿಸಿಲು ಜಾಸ್ತಿ ಬೀಳುವ ಬದಿಗೆ ಮಾಡುತ್ತೇನೆ. ಒಂದು ಮಾತು ನೆನಪಿರಲಿ: ಅಕ್ಷರ ಬರೆಯುವ ಮುಂಚೆ ಹಿನ್ನೆಲೆಗೆ ಬಿರುಕು ತಂದರೆ ಅಕ್ಷರ ಬಿರುಕಿನ ಮೇಲೆ ಕೂರುತ್ತದೆ, ಅದು ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ. ಬಿರುಕು ಅಕ್ಷರವನ್ನೂ ಸೀಳಬೇಕು. ಹಾಗಾಗಿ ಬಿರುಕು ಬೇಕಾದ ಜಾಗ ಮೊದಲೇ ಆರಿಸಿ, ಅಲ್ಲಿ ಕೆಂಪು ಅಕ್ಷರದ ಭಾಗವನ್ನೂ ಇದೇ ರೀತಿ ಅಂಟಿನ ಮೇಲೆ ಬರೆಯಿರಿ.

ಮಳೆ, ತುಕ್ಕು, ಪಾಚಿ, ಧೂಳು

ಇಲ್ಲಿಂದ ಬೋರ್ಡನ್ನು ಗೋಡೆಗೆ ನಿಲ್ಲಿಸಿ ಕೆಲಸ ಮಾಡಿ. ನೆಲದ ಮೇಲೆ ಮಲಗಿಸಿದರೆ ನೀರು ಹೇಗೆ ಇಳಿಯುತ್ತದೆ ಅಂತ ನಿಮಗೂ ಗೊತ್ತಾಗುವುದಿಲ್ಲ, ಬಣ್ಣಕ್ಕೂ ಗೊತ್ತಾಗುವುದಿಲ್ಲ.

ಅಂಬರ್ ಮತ್ತು ಒಂದು ಹನಿ ಕಪ್ಪನ್ನು ನೀರಲ್ಲಿ ಚಹಾದಷ್ಟು ತೆಳುವಾಗಿ ಕಲಸಿ ಇಡೀ ಬೋರ್ಡಿಗೆ ಸವರಿ, ಅರೆ ಒಣಗಿದಾಗ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒರೆಸಿ. ಸಂದು, ಬಿರುಕು, ಎಳೆಗಳ ನಡುವೆ ಉಳಿದದ್ದು ಉಳಿಯಲಿ. ತಲೆಕಟ್ಟಿನ ಕೆಳಗೆ, ಒತ್ತಕ್ಷರದ ತಿರುವಿನಲ್ಲಿ ಸ್ವಲ್ಪ ಜಾಸ್ತಿ ಬಿಡಿ.

ತುಕ್ಕಿಗೆ ನಿಜವಾದ ಕಬ್ಬಿಣದ ಮೊಳೆ ಹೊಡೆಯಿರಿ. ಬರ್ನ್ಟ್ ಸಿಯೆನ್ನಾ ಬಣ್ಣಕ್ಕೆ ಚೂರು ಕಿತ್ತಳೆ ಸೇರಿಸಿ, ಮೊಳೆಯ ತಲೆಗೆ ಒಂದು ಚುಕ್ಕಿ ಇಟ್ಟು, ಸ್ಪ್ರೇ ಬಾಟಲಿಯಿಂದ ಒಂದು ಹನಿ ನೀರು ಬಿಟ್ಟರೆ ಗೆರೆ ತಾನೇ ಇಳಿಯುತ್ತದೆ. ಮೊಳೆಯ ಹತ್ತಿರ ಗಾಢ, ಕೆಳಗೆ ಹೋಗುತ್ತಾ ತೆಳು. ಎಲ್ಲ ಮೊಳೆಗೂ ಒಂದೇ ಉದ್ದದ ಗೆರೆ ಬೇಡ.

ತಗಡಿನ ಬೋರ್ಡಾದರೆ ನಿಜವಾದ ತುಕ್ಕನ್ನೇ ಬರಿಸಬಹುದು. ಜಿಐ ಶೀಟ್ ಬೇಡ, ಅದರ ಸತುವಿನ ಲೇಪ ಕೆಂಪು ತುಕ್ಕನ್ನು ತಡೆಯುತ್ತದೆ. ಸಾದಾ ಕಬ್ಬಿಣದ ಶೀಟು ಬೇಕು. ಅಂಚು, ಮೊಳೆಯ ತೂತು, ಮಡಿಕೆಗಳಲ್ಲಿ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆದು ವಿನೆಗರ್‌ನಿಂದ ಒರೆಸಿ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ಗೆ ಒಂದು ಚಮಚ ಉಪ್ಪು ಕರಗಿಸಿ ಸಿಂಪಡಿಸಿ. ಬೇಗನೆ ತುಕ್ಕು ಹೂ ಬಿಡುತ್ತದೆ. ಹೊರಗಡೆ ಮಾಡಿ, ಕೈಗವಸು ಹಾಕಿ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ಅನ್ನು ವಿನೆಗರ್ ಹತ್ತಿರಕ್ಕೂ ತರಬೇಡಿ. ಎರಡು ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ವಿಷ.

ಪಾಚಿಗೆ ಕಪ್ಪು, ಓಕರ್, ಚೂರು ಹಸಿರು ಸೇರಿಸಿದ ತೆಳು ಬಣ್ಣವನ್ನು ಸ್ಪಂಜಿನಿಂದ ಕೆಳಗಿನ ಅಂಚಿಗೆ ತಟ್ಟಿ. ಧೂಳಿಗೆ ಬಣ್ಣ ಬೇಡ, ಧೂಳೇ ಇದೆ. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ನೀರು ಮತ್ತು ಸ್ವಲ್ಪ ಫೆವಿಕಾಲ್ ಸೇರಿಸಿ ಕೆಳಭಾಗಕ್ಕೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಚಿಮ್ಮಿಸಿ.

ಕೊನೆಯದಾಗಿ, ನಮ್ಮ ಊರುಗಳ ಬೋರ್ಡಿಗೆ ಮಾತ್ರ ಬರುವ ಒಂದು ಗುರುತು. ಪ್ರತಿ ವರ್ಷ ಆಯುಧಪೂಜೆಗೆ ಬೋರ್ಡಿಗೂ ಅರಿಶಿನ ಕುಂಕುಮ ಹಚ್ಚುತ್ತಾರೆ. ಅರಿಶಿನ ಬಿಸಿಲಿಗೆ ಬೇಗ ಹಾರಿಹೋಗುತ್ತದೆ, ಕುಂಕುಮದ ಕಲೆ ಉಳಿಯುತ್ತದೆ. ವರ್ಷ ವರ್ಷ ಕೈ ಒಂದೇ ಜಾಗಕ್ಕೆ ಹೋದರೂ ಬೆರಳು ಅಷ್ಟಿಷ್ಟು ಆಚೀಚೆ ಆಗುತ್ತದೆ. ಮೇಲಂಚಿನ ನಡುವೆ ಬೆರಳಿನಿಂದಲೇ ಕಡುಗೆಂಪು ಬಣ್ಣದ ಐದಾರು ಬೊಟ್ಟು ಒಂದರ ಮೇಲೊಂದು, ಹಳೆಯವು ತೆಳುವಾಗಿ, ಕೊನೆಯದು ಮಾತ್ರ ಗಾಢವಾಗಿ ಇಡಿ. ನಿಜವಾದ ಕುಂಕುಮ ವಾರ್ನಿಶ್ ಬಳಿಯುವಾಗ ಹರಡುತ್ತದೆ, ಹಾಗಾಗಿ ಬಣ್ಣವೇ ಒಳ್ಳೆಯದು. ಮೇಲಿನ ಎರಡು ಮೂಲೆಗೆ ಮಾವಿನ ತೋರಣ ಕಟ್ಟಿದ ಸಣ್ಣ ಮೊಳೆ ತೂತುಗಳು, ಒಂದರಲ್ಲಿ ದಾರದ ತುಣುಕು.

ಸೀಲ್ ಮಾಡುವುದು, ನೇತುಹಾಕುವುದು

ನೀರಿನ ಮ್ಯಾಟ್ ವಾರ್ನಿಶ್ ಎರಡು ತೆಳು ಕೈ. ಹೊಳಪಿನ ವಾರ್ನಿಶ್ ಬಳಿದರೆ ಇಷ್ಟೂ ಕೆಲಸ ಒಂದು ಕ್ಷಣದಲ್ಲಿ ಹೊಸದಾಗುತ್ತದೆ. ಮೊದಲ ಕೈ ಸ್ಪ್ರೇ ಮಾಡಿದರೆ ಮಣ್ಣು, ಇದ್ದಿಲು ಕದಡುವುದಿಲ್ಲ. ಸೂರಿನ ಕೆಳಗಿನ ಪಟ್ಟಿಗೆ ಮಾತ್ರ ಚೂರು ಹೊಳಪು ಸೇರಿಸಿದರೆ, ಬಿಸಿಲು ತಾಗದ ಪೇಂಟಿನ ಮೈ ಬರುತ್ತದೆ.

ನಿಮ್ಮ ಮನೆಯಲ್ಲೋ ಅಜ್ಜನ ಅಂಗಡಿಯಲ್ಲೋ ನಿಜವಾದ ಹಳೆಯ ಬೋರ್ಡು ಇದ್ದರೆ, ದಯವಿಟ್ಟು ಈ ಯಾವ ಕೆಲಸವನ್ನೂ ಅದರ ಮೇಲೆ ಮಾಡಬೇಡಿ. ಅದರ ಪೇಂಟಿನಲ್ಲಿ ಸೀಸ ಇರಬಹುದು. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಒಣ ಸ್ಯಾಂಡ್ ಪೇಪರಿನಿಂದ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೆರಳಲ್ಲಿ ಇಡಿ, ಅಷ್ಟೇ.

ನೀವು ಮಾಡಿದ ಬೋರ್ಡಿನ ಹಿಂದೆ ಮಾಡಿದ ವರ್ಷ ಮತ್ತು ನಿಮ್ಮ ಹೆಸರು ಸ್ಪಷ್ಟವಾಗಿ ಬರೆಯಿರಿ. ನಾಳೆ ಯಾರ ಕೈಗೋ ಹೋಗಿ ಹಳೆಯದೆಂದು ಮಾರಾಟವಾಗಬಾರದು. ನೇತುಹಾಕುವಾಗ ಮೊದಲು ಹಾಕಿಕೊಂಡ ಪೆನ್ಸಿಲ್ ನಕ್ಷೆ ತೆಗೆದು ನೋಡಿ. ಮಳೆ ಎಡಗಡೆಯಿಂದ ಬಂದಿದೆ ಅಂತ ಬರೆದಿದ್ದರೆ, ಎಡಕ್ಕೆ ಬಯಲು ಇರುವ ಗೋಡೆಯನ್ನೇ ಹುಡುಕಿ.